ಅಪ್ಪನ ಕಾಯಿಲೆಯ ಹೆಸರು

ಮೊಹಾಚ್, ನವೆಂಬರ್ ೨೩, ಬೆಳಗ್ಗೆ

ಪ್ರೀತಿಯ ತಮ್ಮ ಅಂಬ್ರುಶ್,

ಹೇಗಿದ್ದೀಯೋ? ಬೆನ್ನುನೋವು ಇಳಿಯಿತೇ? ಇಲ್ಲಿ ಅಮ್ಮ, ನಾನು, ಹಂದಿ ಮೂವರೂ ಚೆನ್ನಾಗಿದ್ದೇವೆ. ಸುಖವಾಗಿರುವುದು ಮಾತ್ರ ಹಂದಿಯೇ. ಡ್ಯಾನ್ಯೂಬ್ ಮೇಲೆ ಮೂರು ದಿನದಿಂದ ಮಂಜು ಕವಿದಿದೆ, ಆಚೆ ದಡ ಕಾಣುವುದಿಲ್ಲ. ಹಡಗಿನ ಸದ್ದು ಕೇಳಿದಾಗಲೆಲ್ಲ ನಿನ್ನದೇ ಇರಬೇಕು ಅನ್ನಿಸುತ್ತದೆ, ನೀನು ಜರ್ಮನಿಯಲ್ಲಿರುವುದು ಗೊತ್ತಿದ್ದರೂ.

ನಿನ್ನ ಕಾಗದ ಬಂತು. ನಲವತ್ತು ದಾಟಿದ ಗಂಡಸರಿಗೆಲ್ಲ ಹಡಗಿನ ಕಂಪನಿಯ ಡಾಕ್ಟರು ಒಂದು ಹಾಳೆ ತುಂಬಿಸಿ, ಮುಂದಿನ ಹತ್ತು ವರ್ಷದಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಬರುವ ಸಂಭವ ಎಷ್ಟು ಎಂದು ಲೆಕ್ಕ ಹಾಕಿದರಂತೆ. ವಯಸ್ಸು, ಸಿಗರೇಟು, ಕುಡಿತ, ಮಾಂಸ, ಸೊಂಟದ ಅಳತೆ, ಕೊನೆಗೆ ಅಪ್ಪನ ಕಾಯಿಲೆ. "ನಂದು ಎಲ್ರಿಗಿಂತ ಕಮ್ಮಿ ಬಂತು ಕಣೇ, ನಮ್ಮ ಅಡುಗೆಯವನಿಗೆ ಹೊಟ್ಟೆ ಉರಿ" ಎಂದು ಜಂಬದಿಂದ ಬರೆದಿದ್ದೀಯ. ಒಳಗೆ ಕ್ಯಾಮೆರಾ ಬಿಟ್ಟು ನೋಡುವುದೆಲ್ಲ ಐವತ್ತಾದ ಮೇಲೆ ಸಾಕು ಅಂದರಂತೆ. ಅಂಬ್ರುಶ್, ಆ ಲೆಕ್ಕ ತಪ್ಪು. ಅಪ್ಪನ ಕಾಯಿಲೆ ಎಂಬಲ್ಲಿ ನೀನು ಹೃದಯ ಎಂದು ಬರೆದಿರುತ್ತೀಯ. ನಿನಗೆ ಹಾಗೆ ಹೇಳಿದವರು ನಾವೇ.

ಇವತ್ತು ಬೆಳಗಿನ ಜಾವ ಅಪ್ಪ ಕನಸಿಗೆ ಬಂದಿದ್ದ. ಹಂದಿ ಕೊಯ್ಯುವ ದಿನ ಸಾಸೇಜು ತುಂಬಲು ನಾವು ಹೆಂಗಸರು ತೊಳೆದುಕೊಟ್ಟ ಕರುಳನ್ನು ಅವನು ಊದಿ, ಬೆಳಕಿಗೆ ಹಿಡಿದು, ತೂತು ಹುಡುಕುತ್ತಿದ್ದನಲ್ಲ, ನನಗೆ "ಗಿಜಿ, ಇದು ಬೇಡ, ಎಸಿ" ಅನ್ನುತ್ತಿದ್ದನಲ್ಲ, ಹಾಗೇ ನಿಂತಿದ್ದ. ಅವನ ಕೈಯಲ್ಲಿದ್ದ ಕರುಳು ಉದ್ದವಾಗುತ್ತಾ ಆಗುತ್ತಾ ನದಿಯಾಯಿತು. ಅದರೊಳಗೆ ಯಾರೋ ದೀಪ ಹಿಡಿದು ಮೆಲ್ಲಗೆ ಹೋಗುತ್ತಿದ್ದರು. ಕೂಗಿದೆ, ಅಪ್ಪ ತಿರುಗಲಿಲ್ಲ. ಎಚ್ಚರವಾದಾಗ ಕಿಟಕಿಯಲ್ಲಿ ಬರೀ ಮಂಜು.

ಹಂದಿಯ ಕರುಳನ್ನು ಅಷ್ಟು ಜೋಪಾನವಾಗಿ ನೋಡಿದವನು ತನ್ನದನ್ನು ಯಾರಿಗೂ ತೋರಿಸಲಿಲ್ಲ. ಒಂದು ವರ್ಷ ರಕ್ತ ಹೋಗುತ್ತಿದ್ದರೂ ಬಾಯಿ ಬಿಡಲಿಲ್ಲ. ಗೊತ್ತಾಗುವಷ್ಟರಲ್ಲಿ ಕಾಲ ಮೀರಿತ್ತು. ಆಗ ಅವನಿಗೆ ಐವತ್ತೊಂದು. ನಿನಗೆ ಹತ್ತೊಂಬತ್ತು, ಸೈನ್ಯದಲ್ಲಿದ್ದೆ. "ಹೃದಯ ಅಂತ ಹೇಳಿ. ಆ ಜಾಗದ ರೋಗದಿಂದ ಸತ್ತ ಅಂತ ಹೆಂಡದಂಗಡೀಲಿ ನಗೋದು ಬೇಡ" ಎಂದು ಅಮ್ಮನಿಂದ ಆಣೆ ಮಾಡಿಸಿಕೊಂಡ. ಅಂದಿನಿಂದ ನೀವು ಗಂಡಸರು ಪ್ರತಿ ವರ್ಷ ಹಂದಿ ಕೊಯ್ಯುವ ಮೊದಲು ಪಾಲಿಂಕಾ ಬ್ರಾಂದಿಯ ಲೋಟ ಎತ್ತಿ, ಅಪ್ಪನ ದೊಡ್ಡ ಹೃದಯಕ್ಕೆ ಎಂದು ಕುಡಿಯುತ್ತೀರಿ. ನಾನು ಬಿಸಿನೀರಿನಲ್ಲಿ ಕೈ ಇಟ್ಟುಕೊಂಡು ತಲೆ ತಗ್ಗಿಸುತ್ತೇನೆ.

ಕಳೆದ ವಸಂತದಲ್ಲಿ ನಾನು ತೋರಿಸಿಕೊಂಡೆ. ಒಂದು ಪುಟ್ಟ ಗಂಟು ಇತ್ತು, ತೆಗೆದರು, ನೋವೇ ಆಗಲಿಲ್ಲ. ಹೊಟ್ಟೆ ಖಾಲಿಯಾಗಲೆಂದು ಹಿಂದಿನ ದಿನ ಕುಡಿಸುವ ಔಷಧಿ ಮಾತ್ರ ಥೂ, ಅದರ ಮುಂದೆ ಎಟೆಲ್ಕಾ ಚಿಕ್ಕಮ್ಮನ ಸೂಪೇ ಅಮೃತ. ಈ ಕಾಗದದ ವಿಷಯ ಅಮ್ಮನಿಗೆ ಹೇಳಿದೆ. ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು "ಬರಿ" ಅಂದಳು. ನಿನ್ನ ಹಣೆಗೆ ಮುತ್ತು ಕಳಿಸಿದ್ದಾಳೆ, ಕುತ್ತಿಗೆಗೆ ಬೆಚ್ಚಗೆ ಸುತ್ತಿಕೋ ಅಂದಿದ್ದಾಳೆ.

ದೇವರು ನಿನ್ನನ್ನು ಕಾಯಲಿ.

ನಿನ್ನ ಅಕ್ಕ,
ಗಿಜೆಲ್ಲಾ

ಮರೆತ ಮಾತು: ಅಂಚೆಯವಳು ಗೇಟಿನ ಹತ್ತಿರ ನಿಂತಿದ್ದಾಳೆ. ಮರೆತದ್ದಲ್ಲ, ಮುಚ್ಚಿಟ್ಟದ್ದು. ಕೊನೆಯ ವಾರ ಅಪ್ಪ ನನ್ನೊಬ್ಬಳ ಕೈ ಹಿಡಿದು "ಹುಡುಗನಿಗೆ ನಲವತ್ತಾದಾಗ ನಿಜ ಹೇಳಿಬಿಡು" ಅಂದಿದ್ದ. ನಿನಗೀಗ ನಲವತ್ತಾರು. ಪ್ರತಿ ವರ್ಷ ಹೇಳೋಣ ಅಂದುಕೊಳ್ಳುತ್ತಿದ್ದೆ. ನೀನು ನಗುತ್ತಾ ಬರುತ್ತಿದ್ದೆ, ನನಗೆ ಬಾಯಿ ಬರುತ್ತಿರಲಿಲ್ಲ. ಆ ಹಾಳೆಯನ್ನು ತಿದ್ದಿಸು, ಒಳಗೆ ನೋಡಿಸಿಕೊಂಡು ಬಾ. ಅಲ್ಲಿಯವರೆಗೆ ಹಂದಿ ಕೊಯ್ಯುವುದಿಲ್ಲ. ಆಮೇಲೆ ನನ್ನನ್ನು ಎಷ್ಟು ಬೇಕಾದರೂ ಬೈ. ಬೈಯುವುದಕ್ಕಾದರೂ ನೀನು ಇರಬೇಕು ಕಣೋ.