ಗುಲ್ಬರ್ಗಾಕ್ಕೆ ಹಾಕದ ಕಾಗದ

17-7-1986, ದೇವದುರ್ಗ

ಹತ್ತನೇ ತರಗತಿಯ ಟೆಸ್ಟ್ ಪೇಪರು ತಿದ್ದುತ್ತಿದ್ದೆ. ಪೋಸ್ಟ್ ಬಂತು. ಮಗಳು ಬಂಡೆಮ್ಮನಿಗೆ ಗುಲ್ಬರ್ಗಾದಲ್ಲಿ ಇಂಜಿನಿಯರಿಂಗ್ ಸೀಟು — ಕಂಪ್ಯೂಟರ್ ಸೈನ್ಸ್. ಮೈಸೂರಿನದು ವೇಟಿಂಗ್ ಲಿಸ್ಟ್, ಮೂರನೇ ನಂಬರು. ಗುಲ್ಬರ್ಗಾಕ್ಕೆ ಒಪ್ಪಿಗೆ ಬರೆದರೆ ಮೈಸೂರಿನ ಪಟ್ಟಿಯಿಂದ ಹೆಸರು ತೆಗೆಯುತ್ತಾರಂತೆ. 28ರೊಳಗೆ ಉತ್ತರ ಮುಟ್ಟಬೇಕು.

ಅವಳು ಆಗಲೇ ತೀರ್ಮಾನಿಸಿದ್ದಾಳೆ. "ಗುಲ್ಬರ್ಗಾನಽ ಯಪ್ಪಾ. ಮಾನ್ವಿ ಊರಿನ ಗೆಳತಿ ಜಾಹೆದಾಗೂ ಅಲ್ಲೇ ಸೀಟು ಸಿಕ್ಕದ. ಇಬ್ರೂ ಒಂದಽ ರೂಮಿನ್ಯಾಗ ಇರ್ತೀವಿ."

"ಮೈಸೂರಂದ್ರ ಮೈಸೂರವ್ವಾ."

"ಸಿಕ್ಕದ್ದು ಬಿಟ್ಟು ಮೂರನೇ ನಂಬರ್ ಕಾಯೋದೇನು?"

ಮತ್ತೆ ಪೇಪರು ತಿದ್ದಲು ಕುಳಿತೆ.

19-7

ಸ್ಟಾಫ್ ರೂಮಿನಲ್ಲಿ ಮಗಳಿಗೆ ಮೈಸೂರಿನಲ್ಲಿ ಸೀಟು ಎಂದೇ ಹೇಳಿಬಿಟ್ಟೆ. ಹೆಡ್ ಮಾಸ್ಟರು ಕೈ ಕುಲುಕಿದರು. "ಭಾಳ ಖುಷಿ ಆತ್ರೀ ಮೌನಪ್ಪ ಮಾಸ್ತರ."

ಕುರಿ ಕಾಯುವವರ ಮನೆಯಿಂದ ಮೈಸೂರಿಗೆ... ನನಗೂ ಒಮ್ಮೆ ಅಲ್ಲಿ ಎಂ.ಎಸ್ಸಿ. ಸೀಟು ಬಂದಿತ್ತು. ಅಪ್ಪ ಬೇಡವೆಂದ. ಬಿ.ಎಡ್. ಮಾಡಿ ಇಲ್ಲಿ ಕುಳಿತೆ. ಇಪ್ಪತ್ತೆರಡು ವರ್ಷ, ಅದೇ ಪೈಥಾಗೊರಸ್.

21-7, ರಾಯಚೂರು ಬಸ್ ಸ್ಟ್ಯಾಂಡ್

ಆಫೀಸಿನ ಕೆಲಸಕ್ಕೆ ಬಂದೆ. ಬಂಡೆಮ್ಮ ಒಪ್ಪಿಗೆಯ ಕಾಗದ ಕೊಟ್ಟಿದ್ದಳು, ರಿಜಿಸ್ಟರ್ ಮಾಡು ಎಂದು. ಹೆಡ್ ಪೋಸ್ಟಾಫೀಸಿನ ಮೆಟ್ಟಿಲ ತನಕ ಹೋದೆ. ಕ್ಯೂ ಕೂಡ ಇರಲಿಲ್ಲ.

ಮೂರನೇ ನಂಬರು ಅಂದರೆ ಸಿಕ್ಕ ಹಾಗೆಯೇ. ಹರಿದು ಚರಂಡಿಗೆ ಹಾಕಿದೆ. ಮೈಸೂರು ಬಂದ ಮೇಲೆ ಹೇಳಿದರಾಯಿತು.

11-8

ಮೈಸೂರಿನ ಪಟ್ಟಿ ಎರಡನೇ ನಂಬರಿಗೆ ಮುಗಿಯಿತು.

13-8

ಜಾಹೆದಾಳ ಇನ್‌ಲ್ಯಾಂಡ್ ಲೆಟರು. ಬಂಡೆಮ್ಮನ ಉತ್ತರ ಗುಲ್ಬರ್ಗಾಕ್ಕೆ ಮುಟ್ಟಿಲ್ಲ, ಸೀಟು ಬೇರೆಯವರಿಗೆ ಹೋಗಿದೆ.

"ರಿಜಿಸ್ಟರ್ ರಸೀತಿ ಕೊಡು ಯಪ್ಪಾ. ನಾನಽ ಹೋಗಿ ತೋರಸ್ತೀನಿ."

ಎಲ್ಲೋ ಇಟ್ಟಿದ್ದೇನೆ ಎಂದೆ. ಟ್ರಂಕು, ಅಂಗಿ ಜೇಬು, ಪುಸ್ತಕದ ಹಾಳೆಗಳು — ತಾಯಿ ಮಗಳು ಸಂಜೆಯ ತನಕ ಹುಡುಕಿದರು. ನಾನೂ ಹುಡುಕಿದೆ. ಹೌದು, ಪಕ್ಕದಲ್ಲೇ ಕುಳಿತು ಹುಡುಕಿದೆ. ಹೆಂಡತಿ ಯಮನಮ್ಮ ಪೋಸ್ಟಿನವರನ್ನು ಬೈಯುತ್ತಲೇ ಇದ್ದಳು. ತಡೆಯಲಿಲ್ಲ.

"ಬಿಡು ಯಪ್ಪಾ," ಎಂದಳು ಬಂಡೆಮ್ಮ ಕೊನೆಗೆ. "ನೀ ಏನ್ ಬೇಕಂತ ಕಳಕೊಂಡಿಯೇನು?"

ಊಟ ಸೇರಲಿಲ್ಲ. ಆದರೂ ಉಂಡೆ — ಬಿಟ್ಟರೆ ಕೇಳುತ್ತಾರೆ.

8-9

ರಾಯಚೂರಿನಲ್ಲಿ ಬಿ.ಎಸ್ಸಿ.ಗೆ ಸೇರಿಸಿ ಬಂದೆ. ಕಂಪ್ಯೂಟರ್ ಅಲ್ಲಿ ನೋಡಲಿಕ್ಕೂ ಇಲ್ಲ. ಬಸ್ಸಿನ ತನಕ ಬಂದಳು. ಹೇಳಬೇಕೆಂದು ಎರಡು ಬಸ್ಸು ಬಿಟ್ಟೆ. ಮೂರನೆಯದು ಹತ್ತಿದೆ.

9-9

ಹೆಡ್ ಮಾಸ್ಟರು ಮೈಸೂರಿನ ಸುದ್ದಿ ಕೇಳಿದರು. "ಹುಡುಗಿ ದೂರ ಹೋಗಾಕ ಅಂಜಿದಳ್ರೀ," ಎಂದೆ. ಬಾಯಿಂದ ಸಲೀಸಾಗಿ ಬಂತು.

5-10, ಭಾನುವಾರ

ಬಂಡೆಮ್ಮ ಬೆಳಗಿನ ಬಸ್ಸಿಗೆ ಬಂದಳು. ಊಟವಾಯಿತು. ತಾಯಿ ನೀರಿಗೆ ಹೋದ ಮೇಲೆ ನನ್ನೆದುರು ಕುಳಿತಳು.

"ಹೆಡ್ ಪೋಸ್ಟಾಫೀಸಿಗೆ ಹೋಗಿದ್ದೆ ಯಪ್ಪಾ. ಜುಲೈ ಇಪ್ಪತ್ತೊಂದರ ಬುಕ್ ತೆಗಿಸಿ ನೋಡಿದೆ. ಗುಲ್ಬರ್ಗಾಕ್ಕ ಹತ್ತು ರಿಜಿಸ್ಟರ್ ಹೋಗ್ಯಾವ. ನಮ್ಮದಿಲ್ಲ."

ಬಾಗಿಲ ಕಡೆ ನೋಡಿದೆ.

"ಅವ್ವಗ ಹೇಳಿಲ್ಲ. ನೀನಽ ಹೇಳು. ಯಾಕಂತ ನನಗೂ ಹೇಳು."

ಬರುತ್ತೇನೆಂದು ಹೇಳಿ ಒಳಗೆ ಬಂದು ಈ ಡೈರಿ ತೆರೆದೆ. 'ನಿನ್ನ ಒಳ್ಳೆಯದಕ್ಕೇ' ಎಂದು ಬರೆದು ನೋಡಿದೆ. ಹೊಡೆದು ಹಾಕಿದೆ. ಯಮನಮ್ಮ ಕೊಡ ಇಳಿಸಿದ ಸದ್ದು. ಇಬ್ಬರೂ ಹೊರಗೆ ಕಾಯುತ್ತಿದ್ದಾರೆ. ನಿಜ ಇಷ್ಟೇ — ಮೈಸೂರು ಬೇಕಿದ್ದದ್ದು ನನಗೆ.