ಎಂಟು ವಾರದ ಸರಿ ಗುರುತುಗಳು

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅಕ್ಕ,

ಕ್ಷೇಮ ಎಂದು ಬರೆಯುವುದಿಲ್ಲ, ಕ್ಷೇಮವಾಗಿಲ್ಲ. ಸಿಟ್ಟು ನೆತ್ತಿಗೇರಿದೆ. ಫೋನಿನಲ್ಲಿ ಹೇಳಿದರೆ ನೀನು ಅಳುತ್ತೀಯ, ನೀನು ಅತ್ತರೆ ನಾನು ಮೆತ್ತಗಾಗುತ್ತೇನೆ. ಅದಕ್ಕೇ ಈ ಕಾಗದ.

ನಿನ್ನೆ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಹುಡುಗಿ ನನ್ನನ್ನು ಕೈ ಇಲ್ಲದ ಕುರ್ಚಿಯಲ್ಲಿ ಕೂರಿಸಿ, ತೋಳುಗಳನ್ನು ಎದೆಗೆ ಕಟ್ಟಿಕೊಂಡು ಐದು ಸಲ ಎದ್ದು ಕೂರಿ ಎಂದಳು. ಎರಡನೆಯದಕ್ಕೇ ತೊಡೆ ನಡುಗಿತು. ಮೂರನೆಯದು ಆಗಲೇ ಇಲ್ಲ. ಗ್ರಂಥಾಲಯದ ಬೈಂಡಿಂಗ್ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ನಿಂತೇ ದುಡಿದವಳು, ಕಬ್ಬಿಣದ ಪ್ರೆಸ್ಸಿನ ಚಕ್ರವನ್ನು ಒಬ್ಬಳೇ ತಿರುಗಿಸಿದವಳು ನಾನು. ಆ ಹುಡುಗಿಯ ಭುಜ ಹಿಡಿದು ಎದ್ದೆ.

ಲಿವರ್ ಡಾಕ್ಟರು ನಮ್ಮ ಮನೆಯ ವ್ಯಾಯಾಮದ ಚಾರ್ಟ್ ತಿರುವಿದರು. ಎಂಟು ವಾರ, ದಿನಕ್ಕೆ ಮೂರು ಹೊತ್ತು, ಒಂದೂ ಬಿಡದೆ ಸರಿ ಗುರುತು. ಇಷ್ಟು ವ್ಯಾಯಾಮ ಮಾಡಿಯೂ ಶಕ್ತಿ ಕೂಡಿಲ್ಲವೆಂದರೆ ನಿಮ್ಮ ಮೈಗೆ ಅದು ಹತ್ತುತ್ತಿಲ್ಲ, ಬೇರೆ ಲಿವರ್ ಹಾಕುವ ಆಪರೇಷನ್ ತಾಳಿಕೊಳ್ಳಲಾರಿರಿ ಎಂದರು. ಮುಂದಿನ ಗುರುವಾರ ವೈದ್ಯರೆಲ್ಲ ಸೇರುತ್ತಾರಂತೆ. ಅಂದು ಕಾಯುವವರ ಪಟ್ಟಿಯಿಂದ ನನ್ನನ್ನು ತೆಗೆಯಬಹುದಂತೆ.

ಅಯ್ಯೋ, ಮಾಡಿದ್ದರೆ ತಾನೇ ಹತ್ತುವುದು!

"ಪಾಪ, ಸುಸ್ತಾಗಿದ್ದೀಯ, ಇವತ್ತೊಂದಿನ ಮಲ್ಕೊಳ್ಳೇ" ಎಂದು ಹೊದಿಸುವುದು, ಬಾಗಿಲಿಗೆ ತೂಗುಹಾಕಿದ ಚಾರ್ಟಿಗೆ ಗುರುತು ಹಾಕುವುದು, ಭಾನುವಾರ ನೀನು ಊರಿಗೆ ಹೊರಡುವವರೆಗೂ ದಿನವೂ ಇದೇ. ಮೂವತ್ತು ವರ್ಷ ಟೀಚರ್ ಆಗಿ, ಸ್ವಂತ ಮಗನನ್ನೇ ಅರ್ಧ ಅಂಕಕ್ಕೆ ಫೇಲು ಮಾಡಿದ ಮಹಾತಾಯಿ ನೀನು. ನನಗೆ ಮಾತ್ರ ಬರೆಯದ ಉತ್ತರಕ್ಕೆ ನೂರಕ್ಕೆ ನೂರು! ಮೊಟ್ಟೆ, ಬೇಳೆ ಚೆನ್ನಾಗಿ ತಿನ್ನಲಿ, ಮಲಗುವ ಮುಂಚೆಯೂ ಏನಾದರೂ ತಿನ್ನಲಿ ಎಂದು ಆಸ್ಪತ್ರೆಯವರು ಬರೆದುಕೊಟ್ಟರೆ, ಲಿವರಿಗೆ ಭಾರ ಎಂದು ನೀನು ನೀರು ನೀರಾದ ಊಟ ಹಾಕಿದೆ. ತೂಕ ಇಳಿದಿಲ್ಲವಲ್ಲ ಎಂದು ಸಮಾಧಾನ ಬೇರೆ. ತೂಕವೆಲ್ಲ ಹೊಟ್ಟೆಯಲ್ಲಿ ತುಂಬಿದ ನೀರಿನದು ಕಣೇ. ಕೈಗೆ ಕಟ್ಟಿದ ವಾಚು ಮೊಣಕೈವರೆಗೆ ಜಾರುತ್ತಿದೆ. ಲಿವರ್ ಕೈಕೊಟ್ಟಾಗ ದೇಹ ತನ್ನ ಮಾಂಸವನ್ನೇ ಕರಗಿಸಿ ತಿನ್ನುತ್ತದಂತೆ, ಮಲಗಿದಷ್ಟೂ ಬೇಗ ತಿನ್ನುತ್ತದಂತೆ. ಅತಿಯಾದರೆ ಅಮೃತವೂ ವಿಷ ಎನ್ನುವುದು ನಿನ್ನ ಅಕ್ಕರೆಗೇ ಹೇಳಿದ್ದು.

ಇದನ್ನೂ ನುಂಗಿಕೊಳ್ಳುತ್ತಿದ್ದೆ. ಆದರೆ ವ್ಯಾಯಾಮ ಮಾಡೇ ಇಲ್ಲ, ಗುರುತು ಹಾಕಿದ್ದು ಅಕ್ಕ ಎಂದು ನಾನು ಹೇಳಿದಾಗ ಡಾಕ್ಟರು ಅಲ್ಲಿಂದಲೇ ನಿನಗೆ ಫೋನ್ ಮಾಡಿದರಲ್ಲ, ಆಗ ಏನೆಂದೆ ನೀನು? "ಎಲ್ಲಾ ಮಾಡಿಸಿದ್ದೀನಿ ಡಾಕ್ಟ್ರೇ, ಒಂದಿನಾನೂ ತಪ್ಪಿಲ್ಲ." ನನ್ನ ಎದುರಿಗೇ ಸ್ಪೀಕರಿನಲ್ಲಿ ಕೇಳಿಸಿತು. ಡಾಕ್ಟರು ನನ್ನ ಕಡೆ ನೋಡಿದ ನೋಟಕ್ಕೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

ನಿನ್ನ ಮರ್ಯಾದೆ ದೊಡ್ಡದೋ, ನನ್ನ ಜೀವ ದೊಡ್ಡದೋ? ಗುರುವಾರದೊಳಗೆ ಬಾ. ಡಾಕ್ಟರ ಮುಂದೆ ನಿಂತು, ಸುಳ್ಳು ಗುರುತು ಹಾಕಿದೆ, ಇವಳಿಗೆ ಇನ್ನೆಂಟು ವಾರ ಕೊಡಿ ಎಂದು ನಿನ್ನ ಬಾಯಿಂದಲೇ ಹೇಳು. ಆಮೇಲೆ ಇಲ್ಲೇ ಇದ್ದು, ಕುರ್ಚಿಯ ಪಕ್ಕ ನಿಂತು ಬೈದು ಬೈದು ನನ್ನನ್ನು ಏಳಿಸು. ಪಾಪ ಎಂಬ ಮಾತು ಬಾಯಿಗೆ ಬಂದರೆ ಮನೆಯಿಂದ ಆಚೆ ಹಾಕುತ್ತೇನೆ.

ಇಂತಿ,
ನಿನ್ನ ಮೇಲೆ ಇನ್ನೂ ಉರಿಯುತ್ತಿರುವ
ತಂಗಿ

ವಿ.ಸೂ.: ಮೊದಲ ವಾರದ ಗುರುತುಗಳು ನಿನ್ನವಲ್ಲ. ನೀನು ಬರುವ ಮುಂಚೆ ನಾನೇ ಹಾಕಿಕೊಂಡದ್ದು. ಮೊದಲ ದಿನವೇ ಕುರ್ಚಿಯಿಂದ ಏಳಹೋಗಿ ಬಿದ್ದಿದ್ದೆ. ಹೆದರಿಕೆಯಾಯಿತು, ಯಾರಿಗೂ ಹೇಳಲಿಲ್ಲ. ಆಮೇಲೆ ನೀನು ಮಲ್ಕೋ ಎಂದಾಗಲೆಲ್ಲ ಕಣ್ಣು ಮುಚ್ಚಿಕೊಂಡು, ಚಾರ್ಟಿನ ಮೇಲೆ ನಿನ್ನ ಪೆನ್ನಿನ ಸದ್ದು ಕೇಳುತ್ತಾ, ಸದ್ಯ ಇವತ್ತು ಬಚಾವಾದೆ ಅಂದುಕೊಳ್ಳುತ್ತಿದ್ದೆ. ನಿನ್ನೆ ಡಾಕ್ಟರಿಗೆ ಇದನ್ನು ಹೇಳಲಿಲ್ಲ, ನಿನ್ನನ್ನಷ್ಟೇ ತೋರಿಸಿದೆ. ಗುರುವಾರ ನಾನೂ ಹೇಳಬೇಕು. ಒಬ್ಬಳಿಗೇ ಧೈರ್ಯ ಸಾಲದು, ಬಾರೇ ಅಕ್ಕ.