ಸತ್ತವಳ ಕೊನೆಯ ಮಾತು

ಮಾರ್ಚ್ ೩, ಸೋಮವಾರ

ಮತ್ತೆ ಅದೇ ಪುಟ. ನಾವು ಹೊಸದಾಗಿ ಸಂಪಾದಿಸುತ್ತಿರುವ ನಾನೂರು ವರ್ಷದ ಹಿಂದಿನ ಇಂಗ್ಲಿಷ್ ನಾಟಕ. ಬರೆದವನ ಕೈಬರಹ ಎಂದೋ ಹೋಯಿತು. ಆಗ ಅಚ್ಚಾದ ಐದು ಪ್ರತಿ ಉಳಿದಿವೆ. ವಿಧವೆ ‘ಸಾಯುತ್ತಾಳೆ’ ಎಂದು ರಂಗಸೂಚನೆ. ಸತ್ತಮೇಲೆ ಅವಳೇ, “ಬಾಗಿಲು ಹಾಕಬೇಡಿ, ಮಗ ಬರಬಹುದು” ಎನ್ನುತ್ತಾಳೆ! ಹಿಂದಿನ ಸಂಪಾದಕರೆಲ್ಲ ಸೂಚನೆಯನ್ನು ಒಂದು ಸಾಲು ಕೆಳಗಿಳಿಸಿ ಕೈತೊಳೆದುಕೊಂಡರು. ನಾನೊಬ್ಬಳೇ ಹೇಳಿದ್ದು — ಮಾತು ಪಕ್ಕದಲ್ಲಿ ನಿಂತ ಸೇವಕಿಯದು, ಅಚ್ಚಿನವರು ಅವಳ ಹೆಸರು ಬಿಟ್ಟಿದ್ದಾರೆ. ಏಳು ವರ್ಷದ ದುಡಿಮೆಯಲ್ಲಿ ನನ್ನದು ಅನ್ನುವುದು ಇದೊಂದೇ.

ಅತ್ತೆ ಬಾಗಿಲಲ್ಲಿ ನಿಂತು, “ಸತ್ತೋಳು ಏನಂದ್ಲು ಅಂತ ಕಿವಿಗೊಟ್ಟು ಕೂತಿರ್ತೀಯ. ಬದುಕಿರೋಳು ಟೀ ಕೇಳಿದ್ರೆ ಕೇಳ್ಸೋದೇ ಇಲ್ಲ” ಎಂದರು.

ಮಾರ್ಚ್ ೬

ಕರಡಚ್ಚು ಬಂತು. ತಿದ್ದುಪಡಿಯನ್ನು ಮೊದಲು ಸೂಚಿಸಿದವರ ಹೆಸರನ್ನು ಅಡಿಟಿಪ್ಪಣಿಯಲ್ಲಿ ಹಾಕುವುದು ನಮ್ಮಲ್ಲಿ ಪದ್ಧತಿ. ನನ್ನ ಸಾಲಿನ ಕೆಳಗೆ ದೊಡ್ಡವರ ಹೆಸರಿದೆ! ಪ್ರಧಾನ ಸಂಪಾದಕರಿಗೆ ನಾವು ಸಹಾಯಕರು ಇಟ್ಟ ಹೆಸರು ಅದು. ನೇರ ಅವರ ಕೋಣೆಗೆ ಹೋದೆ.

“ಸರ್, ಇದು ನಾನು ಹೇಳಿದ್ದು.”

ಕನ್ನಡಕ ಒರೆಸುತ್ತ, “ನಿಂದು ನಂದು ಅಂತ ಏನಮ್ಮಾ? ಎಲ್ಲಾ ಒಂದೇ ಮನೆಯವರಲ್ವಾ?”

ಒಂದೇ ಮನೆ. ಪಾತ್ರೆ ತಿಕ್ಕುವವಳು ಮಾತ್ರ ನಾನು.

ಮಾರ್ಚ್ ೧೯, ಸಂಜೆ

ದೂರದ ಗ್ರಂಥಾಲಯದಿಂದ ಐದನೆಯ ಪ್ರತಿಯ ಫೋಟೋ ಬಂತು, ಕೇಳಿ ಎಷ್ಟೋ ತಿಂಗಳ ಮೇಲೆ. ನಾಲ್ಕೂ ಒಂದೇ ಥರ ಇದ್ದವಲ್ಲ, ಇದೇನು ಮಹಾ ಎಂದು ಕಾಯದೆ ಬರೆದುಬಿಟ್ಟಿದ್ದೆ. ಆ ಕಾಲದಲ್ಲಿ ಅಚ್ಚನ್ನು ನಡುವೆಯೇ ನಿಲ್ಲಿಸಿ ತಪ್ಪು ತಿದ್ದುತ್ತಿದ್ದರು. ಮೊದಲು ಬಿದ್ದ ತಪ್ಪು ಹಾಳೆಗಳನ್ನೂ ಎಸೆಯದೆ ಹೊಲಿದು ಮಾರುತ್ತಿದ್ದರು. ಉಳಿದ ನಾಲ್ಕರಲ್ಲಿದ್ದದ್ದು ಆ ತಪ್ಪು ಹಾಳೆ, ಇದರಲ್ಲಿರುವುದು ತಿದ್ದಿದ್ದು. ಮೊದಲು ಮಾತು, ಆಮೇಲೆ ‘ಸಾಯುತ್ತಾಳೆ’. ಮಾತು ವಿಧವೆಯದೇ. ನನ್ನ ಸೇವಕಿ ಬಾಯೇ ಬಿಟ್ಟಿಲ್ಲ.

ಫೋಟೋವನ್ನು ಮೂರು ಸಲ ನೋಡಿದೆ. ಆಮೇಲೆ ನಗು ಬಂತು — ತಪ್ಪು ಈಗ ಯಾರ ಹೆಸರಲ್ಲಿದೆ? ಗ್ರಂಥಾಲಯದವರು ಈ ಫೋಟೋಗಳನ್ನು ಸದ್ಯದಲ್ಲೇ ನೆಟ್‌ಗೆ ಹಾಕುತ್ತಾರಂತೆ. ಹಾಕಲಿ. ಒಂದೇ ಮನೆ ತಾನೆ, ಮರ್ಯಾದೆ ಹೋದರೆ ಯಜಮಾನರದೇ ಹೋಗಲಿ.

ಮಾರ್ಚ್ ೨೧

“ಆ ಐದನೇದು ಬಂತೇನಮ್ಮಾ?”

“ಬಂತು ಸರ್. ಹೊಸದೇನಿಲ್ಲ.”

ನಾಲಗೆ ತೊದಲಲೂ ಇಲ್ಲ.

ಏಪ್ರಿಲ್ ೩೦

ಪುಸ್ತಕ ಬಂತು. ದೊಡ್ಡವರು ತಾವೇ ನನ್ನ ಮೇಜಿಗೆ ತಂದರು. ಪುಟ ತೆರೆದು ಬೆರಳಿಟ್ಟರು.

“ಅವತ್ತು ಮುಖ ಸಣ್ಣದು ಮಾಡ್ಕೊಂಡು ಹೋದೆ. ಮನಸ್ಸು ತಡೀಲಿಲ್ಲ ಕಣಮ್ಮಾ. ಕೊನೇ ಗಳಿಗೇಲಿ ನನ್ನ ಹೆಸರು ತೆಗ್ಸಿ ನಿಂದು ಹಾಕ್ಸಿದೆ. ಮುನ್ನುಡೀಲೂ ಬರ್ದಿದೀನಿ — ಇದು ಪೂರ್ತಿ ನಿಂದೇ ಅಂತ.”

ನನ್ನ ಹೆಸರು. ಇನಿಶಿಯಲ್ ಸಮೇತ. ಪಕ್ಕದಲ್ಲಿ ಇನ್ನೊಬ್ಬರಿಲ್ಲ.

“ಯಾಕಮ್ಮಾ, ಖುಷಿಯಾಗ್ಲಿಲ್ವಾ?”

“ಆಯ್ತು ಸರ್.”

ಅತ್ತೆ ಪುಸ್ತಕ ಹಿಡಿದು ಪಕ್ಕದ ಮನೆಗೆ ಹೋಗಿದ್ದಾರೆ, ಸೊಸೆಯ ಹೆಸರು ತೋರಿಸಲು. ಗ್ರಂಥಾಲಯದ ಮೇಲ್ ಬಂದಿದೆ: ಐದನೆಯ ಪ್ರತಿ ಇಂದಿನಿಂದ ಎಲ್ಲರಿಗೂ ಲಭ್ಯ.

ದೊಡ್ಡವರಿಗೆ ಬರೆಯಲು ಕೂತೆ. ಅಳಿಸಿದೆ. ಮತ್ತೆ ಶುರುಮಾಡಿದೆ. ಸರ್, ಅವತ್ತು ಹೊಸದೇನಿಲ್ಲ ಅಂದೆನಲ್ಲ, ಅದು